ಮತ್ತಿನ ಡಾಕ್ಟರ ಬಿಗಿ ಟೋಪಿ

ಆಸ್ಪತ್ರೆಯ ನೆಲಮಾಳಿಗೆಯ ಹೊಲಿಗೆ ಕೋಣೆಯಲ್ಲಿ ಕೂರುತ್ತಿದ್ದವಳನ್ನು ಎಲ್ಲರೂ ಸೂಜಿಯಕ್ಕ ಎನ್ನುತ್ತಿದ್ದರು. ಹರಿದ ಹಾಸುಬಟ್ಟೆಗೆ ತೇಪೆ ಹಾಕುವುದು, ಆಪರೇಷನ್ ಕೋಣೆಯವರಿಗೆ ನಿಲುವಂಗಿ, ಟೋಪಿ ಹೊಲಿಯುವುದು ಅವಳ ಕೆಲಸ. ಕಣ್ಣಳತೆಯಲ್ಲೇ ಬಟ್ಟೆ ಕತ್ತರಿಸುವಳು, ನೂಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಅಂಥವಳು ಎರಡು ವರ್ಷಗಳಿಂದ ಒಬ್ಬರ ಟೋಪಿಯನ್ನು ಮಾತ್ರ ಬೇಕೆಂದೇ ತಪ್ಪು ಅಳತೆಗೆ ಹೊಲಿಯುತ್ತಿದ್ದಳು.

ಆ ಒಬ್ಬರು, ಆಪರೇಷನ್ನಿಗೆ ಮುಂಚೆ ರೋಗಿಗೆ ಮತ್ತು ಬರಿಸುವ ಡಾಕ್ಟರು. ಅವರ ತಲೆ ದೊಡ್ಡದು. ಅಂಗಡಿಯ ಟೋಪಿ ಹಿಡಿಯದು. ಹಾಗಾಗಿ ಹಸಿರು ದಾರದ ಗುರುತು ಹಾಕಿ ಅವರಿಗೇ ಬೇರೆ ಟೋಪಿಗಳನ್ನು ಹೊಲಿಯುವ ವಾಡಿಕೆಯಿತ್ತು. ಸೂಜಿಯಕ್ಕ ಅವುಗಳ ಎಲಾಸ್ಟಿಕ್ಕನ್ನು ಎರಡಿಂಚು ಗಿಡ್ಡ ಮಾಡುತ್ತಿದ್ದಳು. ಒಗೆದು ಒಗೆದು ಅದು ಸಡಿಲವಾದರೆ ಬಿಚ್ಚಿ ಹೊಸದನ್ನು ಹಾಕುತ್ತಿದ್ದಳು.

ಕಾರಣವಿತ್ತು. ಅವಳ ಮಗಳು ಗುಬ್ಬಿ, ಸೀಳಿದ ಅಂಗುಳಿನೊಡನೆ ಹುಟ್ಟಿದವಳು. ಕುಡಿದ ಹಾಲು ಮೂಗಿನಿಂದ ಹೊರಬರುತ್ತಿತ್ತು. ಮೂರು ವರ್ಷ ತುಂಬುವುದರೊಳಗೆ ಮೂರು ಆಪರೇಷನ್. ಮೂರು ಸಲವೂ ಮತ್ತು ಕೊಟ್ಟವರು ಇದೇ ಡಾಕ್ಟರು. ಅಂಗುಳು ಕೂಡಿತು, ಮಾತು ಬಂತು. ಆದರೆ ಶಾಲೆಗೆ ಸೇರಿದ ಮೇಲೆ ಕಲಿತದ್ದು ತಲೆಯಲ್ಲಿ ನಿಲ್ಲಲಿಲ್ಲ. ಬೆಳಿಗ್ಗೆ ಬಾಯಿಪಾಠವಾದ ಮಗ್ಗಿ ಮಧ್ಯಾಹ್ನಕ್ಕೆ ಹಾರಿಹೋಗುತ್ತಿತ್ತು. ಉಪ್ಪು ತರಲು ಹೋದವಳು ಅಂಗಡಿಯ ಬೆಕ್ಕಿನೊಡನೆ ಆಡಿ ಬರಿಗೈಯಲ್ಲಿ ಬರುವಳು.

ಒಂದು ದಿನ ಪಕ್ಕದ ಕೋಣೆಯ ಇಸ್ತ್ರಿಯಣ್ಣ ಪತ್ರಿಕೆ ಓದಿ ಹೇಳಿದ: ಎಳೆಯ ಮಕ್ಕಳಿಗೆ ಪದೇಪದೇ ಮತ್ತು ಕೊಟ್ಟರೆ ಮಿದುಳಿಗೆ ತೊಂದರೆಯಾಗಬಹುದೇನೋ ಎಂದು ತಿಳಿದವರಿಗೂ ಅನುಮಾನವಿದೆಯಂತೆ. ಸೂಜಿಯಕ್ಕನಿಗೆ ಮಾತ್ರ ಆಮೇಲೆ ಅನುಮಾನವೇ ಉಳಿಯಲಿಲ್ಲ. "ನನ್ನ ಮಗಳ ತಲೆ ಕೆಡಿಸಿದವನ ತಲೆ ದಿನಾ ಸಿಡೀಲಿ" ಎಂದು ಹಲ್ಲು ಕಚ್ಚಿ ಕತ್ತರಿ ಹಿಡಿದಳು.

ಸಿಡಿಯಿತು ಕೂಡ. ಸಂಜೆಯಾದರೆ ಡಾಕ್ಟರು ಹಣೆ ಒತ್ತಿಕೊಳ್ಳುತ್ತಾ ಮೆಟ್ಟಿಲಿಳಿಯುವರು. ಕನ್ನಡಕ ಬದಲಿಸಿದರು, ಚಹಾ ಬಿಟ್ಟರು, ಮಾತ್ರೆ ನುಂಗಿದರು. ಅಳತೆ ತಪ್ಪದ ಸೂಜಿಯಕ್ಕನ ಟೋಪಿಯ ಮೇಲೆ ಮಾತ್ರ ಅವರಿಗೆ ಅನುಮಾನ ಬರಲಿಲ್ಲ. ಅವರ ಹಣೆಯ ಮೇಲಿನ ಕೆಂಪು ಗೀರು ಕಂಡರೆ ಸೂಜಿಯಕ್ಕನಿಗೆ ಹೊಟ್ಟೆ ತಣ್ಣಗಾಗುತ್ತಿತ್ತು.

"ಪಾಪ, ಡಾಕ್ಟ್ರು ಬಡವಾಗಿಬಿಟ್ರು" ಎಂದ ಇಸ್ತ್ರಿಯಣ್ಣ.

"ಅಷ್ಟು ಕರುಳು ಚುರುಕ್ ಅಂತಿದ್ರೆ ಅವರ ಹಣೆಗೂ ಒಂದ್ಸಲ ಇಸ್ತ್ರಿ ಹಾಕಣ್ಣ, ಗೀರು ಹೋಗ್ಲಿ."

ಗುಬ್ಬಿಗೆ ಒಂಬತ್ತು ತುಂಬಿದ ವರ್ಷ, ಒಂದು ಮಧ್ಯಾಹ್ನ, ಹೊಟ್ಟೆನೋವಿನಿಂದ ಹೊರಳಾಡುತ್ತಿದ್ದ ಅವಳನ್ನು ಶಾಲೆಯವರು ಅದೇ ಆಸ್ಪತ್ರೆಗೆ ಹೊತ್ತು ತಂದರು. ಅಪೆಂಡಿಕ್ಸ್ ಊದಿದೆ, ತಡಮಾಡಿದರೆ ಒಡೆಯುತ್ತದೆ ಎಂದರು. ಆ ದಿನ ಇದ್ದ ಮತ್ತಿನ ಡಾಕ್ಟರು ಅವರೊಬ್ಬರೇ. ಬೆಳಿಗ್ಗೆಯಿಂದ ಮೂರು ಆಪರೇಷನ್ ಮುಗಿಸಿ, ಕಣ್ಣು ಕಿರಿದು ಮಾಡಿಕೊಂಡು ಗೋಡೆಗೊರಗಿ ನಿಂತಿದ್ದರು. ತಲೆಯ ಮೇಲೆ ಹಿಂದಿನ ದಿನವಷ್ಟೇ ಹೊಸ ಎಲಾಸ್ಟಿಕ್ ಹಾಕಿದ ಟೋಪಿ.

ಸುದ್ದಿ ಕೇಳಿ ಮೇಲೋಡಿ ಬಂದ ಸೂಜಿಯಕ್ಕನ ಕಣ್ಣು ಮೊದಲು ಆ ಟೋಪಿಯ ಮೇಲೆ ಬಿತ್ತು. ಮಗಳ ಉಸಿರು ಕಾಯಬೇಕಾದದ್ದು ಆ ನೋಯುವ ತಲೆಯೇ. ಕೆಳಗೋಡಿ, ಇನ್ನೊಂದು ಟೋಪಿಯ ಎಲಾಸ್ಟಿಕ್ ಕಿತ್ತೆಸೆದು, ಲಾಡಿ ಪೋಣಿಸಿಕೊಂಡು ಏದುಸಿರು ಬಿಡುತ್ತಾ ಬಂದಳು.

"ಡಾಕ್ಟ್ರೇ, ಆ ಟೋಪಿ ತೆಗೀರಿ. ಇದು ಹಾಕ್ಕೊಳ್ಳಿ."

"ಈಗ್ಯಾಕಮ್ಮ?"

"ಅದು ಬಿಗಿ. ಎರಡು ವರ್ಷದಿಂದ ನಿಮಗೆ ತಲೆನೋವು ಬರ್ಲಿ ಅಂತ್ಲೇ ಹೊಲ್ದಿದೀನಿ. ಮೂರು ಸಲ ಮತ್ತು ಕೊಟ್ಟು ನನ್ನ ಮಗಳ ಬುದ್ಧಿ ಮಂಕು ಮಾಡಿದ್ರಲ್ಲ, ಅದಕ್ಕೆ."

ಡಾಕ್ಟರು ಟೋಪಿ ತೆಗೆದು, ಅದರ ಅಂಚನ್ನು ಎಳೆದು ನೋಡಿದರು. "ಎರಡು ವರ್ಷ ಮಾತ್ರೆ ನುಂಗಿದೀನಲ್ಲಮ್ಮ ನಾನು."

"ನನ್ನ ಮಗಳು ಇವತ್ತಿಗೂ ಮೂರರ ಮಗ್ಗಿ ನುಂಗ್ತಾಳೆ."

ಡಾಕ್ಟರು ಬಿಗಿ ಟೋಪಿಯನ್ನು ಜೇಬಿಗೆ ತುರುಕಿದರು. "ಇವತ್ತಿನದು ಸಣ್ಣದು, ಇದರಿಂದ ತಲೆಗೇನೂ ಆಗೋ ಹಾಗೆ ಕಾಣಲ್ಲ. ಆಗಿನ ಮೂರು ಆಪರೇಷನ್ ಮಾತು ಬೇರೆ. ಅದರಿಂದ್ಲೇ ಹೀಗಾಯ್ತು ಅನ್ನೋಕೂ ಆಗಲ್ಲ, ಅಲ್ಲ ಅನ್ನೋಕೂ ಆಗಲ್ಲ. ಯಾರಿಗೂ ಖಚಿತ ಗೊತ್ತಿಲ್ಲ. ಮಾಡದೇ ಇದ್ದಿದ್ರೆ ಮಗು ಹಾಲಿಳೀದೆ ಸೊರಗ್ತಿತ್ತು."

"ಇದನ್ನ ಆಗ್ಲೇ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

"ಕೇಳೋಕೆ ನನಗೆ ಗೊತ್ತಿರಬೇಕಲ್ಲ ಡಾಕ್ಟ್ರೇ."

ಅವರು ಹೊಸ ಟೋಪಿ ಕಟ್ಟಿಕೊಂಡು ಒಳಹೋದರು.

ಹೊರಗಿನ ಬೆಂಚಿನ ಮೇಲೆ ಕೂತ ಸೂಜಿಯಕ್ಕನ ಪಕ್ಕದಲ್ಲಿ ಇನ್ನಿಬ್ಬರು ತಾಯಂದಿರು ಕಾಯುತ್ತಿದ್ದರು. ಎರಡು ವರ್ಷದಲ್ಲಿ ಆ ಬಿಗಿ ಟೋಪಿಯ ತಲೆಯನ್ನೇ ನಂಬಿ ಇಂಥವರ ಮಕ್ಕಳೆಷ್ಟು ಮತ್ತಿನಲ್ಲಿ ಮಲಗಿದ್ದವೋ. ಅವಳಿಗೆ ಮೊದಲ ಬಾರಿಗೆ ನಾಚಿಕೆಯಾಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ. ದಾರಿ ಬದಲಿಸಿತು, ಅಷ್ಟೆ.

ಗುಬ್ಬಿ ಸಂಜೆಗೆ ಕಣ್ಣು ಬಿಟ್ಟು, ತನ್ನ ಚಪ್ಪಲಿ ಎಲ್ಲಿ ಎಂದು ಕೇಳಿದಳು.

ಮರುವಾರದಿಂದ ಡಾಕ್ಟರ ಟೋಪಿಗಳೆಲ್ಲ ಸರಿಯಳತೆಗೆ ಬಂದವು. ಆದರೆ ಊಟದ ಬಿಡುವಿನಲ್ಲಿ ಸೂಜಿಯಕ್ಕ ಮೇಲೆ ಹೋಗಿ, ಎಳೆಗೂಸುಗಳನ್ನೆತ್ತಿಕೊಂಡ ತಾಯಂದಿರ ನಡುವೆ ಕೂರತೊಡಗಿದಳು.

"ಹೆದರ್ಬೇಡ ತಂಗಿ, ಮಾಡಿಸ್ಲೇಬೇಕಾದ್ದು ಮಾಡಿಸು. ಆದ್ರೆ ಮೊದ್ಲು ಮತ್ತಿನ ಡಾಕ್ಟ್ರನ್ನ ಹೊರಗೆ ಕರೆಸು. ಎಷ್ಟು ಹೊತ್ತು ಮತ್ತು, ಮಿದುಳಿಗೆ ಏನಾಗ್ಬಹುದು, ಇನ್ನೊಂದು ವರ್ಷ ತಡೆದ್ರೆ ನಡೆಯುತ್ತಾ, ಎಲ್ಲಾ ಕೇಳು. ಹೇಳೋವರೆಗೂ ಬಿಡ್ಬೇಡ."

ತಾಯಂದಿರು ಬಿಡಲಿಲ್ಲ. ದಿನಕ್ಕೆ ಐದಾರು ಸಲ ಡಾಕ್ಟರು ಹೊರಬಂದು, ಬೆಂಚಿನ ಮೇಲೆ ಕೂತು, ಗೊತ್ತಿರುವುದನ್ನೂ ಗೊತ್ತಿಲ್ಲದಿರುವುದನ್ನೂ ಬಿಡಿಸಿ ಬಿಡಿಸಿ ಹೇಳಬೇಕಾಯಿತು. ಅವರ ಊಟ ದಿನವೂ ಆರಿ ತಣ್ಣಗಾಗುತ್ತಿತ್ತು.

"ನಿಮ್ಮ ಬಿಗಿ ಟೋಪಿಯೇ ವಾಸಿಯಿತ್ತಲ್ಲಮ್ಮ" ಎಂದರು ಒಂದು ದಿನ.

"ಇನ್ನೂ ಇಬ್ರು ಕಾಯ್ತಿದಾರೆ ಡಾಕ್ಟ್ರೇ" ಎಂದು ಸೂಜಿಯಕ್ಕ ಅವರಿಗೆ ಕೂರಲು ಜಾಗ ಬಿಟ್ಟಳು.