ಮನೆಯಿಂದ ಮನೆಗೆ ಡ್ಯೂಟಿ

ಹೊಸದುರ್ಗದಲ್ಲಿ ನನ್ನ ಬಾಡಿಗೆ ಮನೆಯೇ ನನ್ನ ಆಫೀಸು. ಕಂಪ್ಯೂಟರಿನಲ್ಲಿ ಮದುವೆ ಕಾರ್ಡು ಡಿಸೈನ್ ಮಾಡುವ ಸ್ವಂತ ಕೆಲಸ. ಲುಂಗಿಯಲ್ಲಿ ಕೂತರೆ ಕೆಲಸ ಸಾಗುವುದಿಲ್ಲ, ನಿದ್ದೆ ಬರುತ್ತದೆ. ಅದಕ್ಕೇ ದಿನಾ ಬೆಳಿಗ್ಗೆ ಇಸ್ತ್ರಿ ಶರ್ಟು, ಬೂಟು ಹಾಕಿ, ಊಟದ ಡಬ್ಬಿ ಹಿಡಿದು, ಬೈಕಿನಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಿ ಟೀ ಕುಡಿದು, ಡ್ಯೂಟಿಗೆ ಬಂದವನಂತೆ ಅದೇ ಮನೆಗೆ ವಾಪಸ್ ಬರುತ್ತೇನೆ.

ಕೆಳಗಡೆ ಇರುವ ಮನೆ ಓನರ್ ರುದ್ರಪ್ಪನವರಿಗೆ ಅನುಮಾನ ಬಂತು. ಒಂದು ದಿನ ಮೆಟ್ಟಿಲ ಹತ್ತಿರ ತಡೆದರು.

"ಕೆಲಸ ಹೋಗಿ ಎಷ್ಟು ದಿನ ಆತಪ್ಪ? ಊರಾಗೆ ನಿಮ್ಮವರಿಗೆ ಗೊತ್ತೈತಾ?"

"ಕೆಲಸ ಐತೆ ಸಾರ್. ಇಲ್ಲೇ, ಮೇಲೆ."

"ಮತ್ತೆ ಡಬ್ಬಿ ತಗಂಡು ಹೋಗೋದು ಎಲ್ಲಿಗೆ?"

"ಇಲ್ಲಿಗೇ."

ನಿಜವನ್ನೇ ಹೇಳಿದ್ದೆ, ನನಗೇ ಸುಳ್ಳಿನಂತೆ ಕೇಳಿಸಿತು. ಅವರು ನಂಬಲಿಲ್ಲ. ಮಾರನೇ ದಿನದಿಂದ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು, ನಾನು ಹೋಗುವುದನ್ನೂ ಬರುವುದನ್ನೂ ಕಾಯತೊಡಗಿದರು. ತಡವಾದರೆ ಕೆಮ್ಮುತ್ತಾರೆ. ಆ ಕೆಮ್ಮಿನ ಭಯಕ್ಕೋ ಏನೋ, ಕಾರ್ಡುಗಳೆಲ್ಲ ಹೇಳಿದ ದಿನಕ್ಕೆ ಮುಗಿಯತೊಡಗಿದವು.

ಮೊನ್ನೆ ಭಾನುವಾರ ಲುಂಗಿಯಲ್ಲೇ ಕೆಳಗಿಳಿದೆ.

"ಯಾಕೆ, ಇವತ್ತು ಹೋಗಲಿಲ್ವಾ?"

"ರಜಾ ಸಾರ್."

ರುದ್ರಪ್ಪನವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾರು ಕೊಟ್ರು?" ಅಂದರು.

ಮೇಲೆ ಹೋಗಿ ಬೂಟು ಹಾಕಿಕೊಂಡೆ.