ಅಪ್ಪ ಮಲಗುತ್ತಿದ್ದ ಮಂಚ

ಕಿಟಕಿ ಗ್ರಿಲ್‌ಗಳಿಗೆ ವೆಲ್ಡಿಂಗ್ ಮಾಡುತ್ತಲೇ ಅರ್ಧ ಆಯಸ್ಸು ಕಳೆದವಳು ಆಕೆ. ನಲವತ್ತು ದಾಟಿದ ಮೇಲೆ ಶಿಲ್ಪಿ ಎನಿಸಿಕೊಂಡಳು. ಮೊದಲ ಪ್ರದರ್ಶನದ ದಿನ ಗ್ಯಾಲರಿಯಲ್ಲಿ ನಿಂತಲ್ಲಿ ನಿಲ್ಲಲಾಗದೆ ಚಡಪಡಿಸುತ್ತಿದ್ದಳು. ಸೈಲೆನ್ಸರ್ ಕೊಳವೆ, ಕುಕ್ಕರ್ ಮುಚ್ಚಳದಂಥ ಗುಜರಿ ಸಾಮಾನಿನಿಂದ ಮಾಡಿದ ಶಿಲ್ಪಗಳ ಬಗ್ಗೆ ಅವಳಿಗೆ ಚಿಂತೆಯಿರಲಿಲ್ಲ. ನಡುವೆ ಇಟ್ಟಿದ್ದ ಕಬ್ಬಿಣದ ಮಂಚದ್ದೇ ಭಯ. ಕಾಯಿಲೆ ಬಿದ್ದ ಅಪ್ಪ ಕೊನೆಯುಸಿರೆಳೆದ ಮಂಚವದು. ಅದನ್ನು ಅಟ್ಟದಿಂದ ಇಳಿಸಿ, ಸೈಕಲ್ ಚೈನುಗಳನ್ನು ಹಾಸಿಗೆಯಂತೆ ಹಾಸಿ, ಸುರುಳಿ ಸುರುಳಿಯಾಗಿ ಎಬ್ಬಿಸಿ ಬೆಸೆದಿದ್ದಳು. ಅಮ್ಮನನ್ನು ಒಂದು ಮಾತೂ ಕೇಳಿರಲಿಲ್ಲ.

ಅಮ್ಮ ಬಂದವಳೇ ಮಂಚದ ಸುತ್ತ ಒಮ್ಮೆ ನಡೆದು, ಅಂಚಿನ ಮೇಲೆ ಕೂತುಬಿಟ್ಟಳು. ಕಾವಲುಗಾರ ಓಡಿ ಬಂದ.

“ಅಮ್ಮಾ, ಇದನ್ನ ಮುಟ್ಟೋ ಹಾಗಿಲ್ಲ. ಏಳಿ.”

“ಮದುವೆಯಾದಾಗಿಂದ ಮಲಗಿದ್ದು ಇದರ ಮೇಲೇ ಕಣಪ್ಪ. ಈಗ ಮುಟ್ಟಬಾರದಾ?”

ಮಗಳು ಅವನನ್ನು ತಡೆದು, “ಬೈಯೋದಿದ್ರೆ ಬೈದುಬಿಡಮ್ಮ” ಎಂದಳು.

“ಬೈತೀನಿ, ಮನೆಗೆ ಹೋದ್ಮೇಲೆ. ಕೇಳಿದ್ರೆ ಕೊಡ್ತಿರ್ಲಿಲ್ಲ, ಅದು ನಿಂಗೂ ಗೊತ್ತು.” ಅಮ್ಮ ಚೈನಿನ ಸುರುಳಿಗಳ ಮೇಲೆ ಕೈಯಾಡಿಸಿದಳು. “ನಿಮ್ಮಪ್ಪ ನೋವಿಗೆ ಹೀಗೇ ಹೊರಳಾಡ್ತಿದ್ರು. ನೀನು ಅದನ್ನ ನೋಡಿದ್ದೆ ಅಂತ ನಂಗೆ ಗೊತ್ತಿರ್ಲಿಲ್ಲ.”

ಮಗಳು ಪಕ್ಕದಲ್ಲಿ ಕೂರಲು ಹೋದಳು. ಅಪ್ಪ ಹೊರಳಾಡಿದ ಜಾಗದಲ್ಲಿ ಕೂರಲಾಗದೆ, ಅಮ್ಮನ ಭುಜ ಹಿಡಿದು ನಿಂತುಕೊಂಡಳು.