ಸವಾರಿಯ ಮುಂದಿದ್ದ ಬೈಕು

ಕಳೆದ ವರ್ಷ ನವೆಂಬರಿನ ಎರಡನೆಯ ಭಾನುವಾರ ಬೆಳಿಗ್ಗೆ ಆರೂಕಾಲಕ್ಕೆ ಪಣಂಬೂರು ಕಡಲತೀರದ ರಸ್ತೆಯಿಂದ ಐವತ್ತು ಅರವತ್ತು ಬೈಕು, ಸ್ಕೂಟರುಗಳು ಬಿಕರ್ನಕಟ್ಟೆಗೆ ಹೊರಟವು. ಆ ಜುಲೈಯಲ್ಲಿ ಡೆಂಗೆ ಜ್ವರದಿಂದ ತೀರಿಕೊಂಡ ನಮ್ಮ ಪತ್ರಿಕೆಯ ಛಾಯಾಗ್ರಾಹಕನ ನೆನಪಿಗಾಗಿ ನಡೆದ ಸವಾರಿ ಅದು. ಬಿಕರ್ನಕಟ್ಟೆಯಲ್ಲಿ ಅವನ ಮನೆಯ ಹತ್ತಿರದ ಸಭಾಭವನದಲ್ಲಿ ರಕ್ತದಾನ ಶಿಬಿರವಿತ್ತು. ಸವಾರರೆಲ್ಲ ಅಲ್ಲಿ ರಕ್ತ ಕೊಡಬೇಕೆಂದು ನಿಶ್ಚಯವಾಗಿತ್ತು. ಎಲ್ಲರಿಗಿಂತ ಮುಂದೆ ಹೋದದ್ದು ಅವನದೇ ಬೈಕು. ಅದನ್ನು ಓಡಿಸಿದವರು ನಮ್ಮ ಪ್ರತಿಸ್ಪರ್ಧಿ ಪತ್ರಿಕೆಯ ಛಾಯಾಗ್ರಾಹಕರು. ನಾನು ನನ್ನ ಸ್ಕೂಟರಿನಲ್ಲಿ ಏಳೆಂಟು ಗಾಡಿಗಳ ಹಿಂದಿದ್ದೆ.

ವರದಿಗಾರನಾಗಿದ್ದ ಹನ್ನೊಂದು ವರ್ಷ ನಾನು ಆ ಬೈಕಿನ ಹಿಂದಿನ ಸೀಟಿನಲ್ಲಿ ಕುಳಿತಿದ್ದೆ. ಗೇರಿನ ಗಾಡಿ ಓಡಿಸಲು ನನಗೆ ಬರುವುದಿಲ್ಲ. ಎಲ್ಲಿ ಏನಾದರೂ ಅವನು ಕಚೇರಿಯ ಮೆಟ್ಟಿಲ ಬಳಿ ಬಂದು ಎರಡು ಸಲ ಹಾರ್ನ್ ಹೊಡೆಯುತ್ತಿದ್ದ. "ಹತ್ತು ಮಾರಾಯ, ನೀನು ಬರುವಾಗ ಬೆಂಕಿ ನಂದಿರ್ತದೆ" ಎನ್ನುತ್ತಿದ್ದ. ಆಮೇಲೆ ನನಗೆ ವರದಿಗಳನ್ನು ತಿದ್ದಿ ಪುಟ ಕಟ್ಟುವ ಡೆಸ್ಕಿಗೆ ಬಡ್ತಿಯಾಯಿತು. ಮಧ್ಯಾಹ್ನ ಬಂದು ಕುಳಿತರೆ ಮುದ್ರಣಕ್ಕೆ ಪುಟ ಬಿಡುವವರೆಗೆ ಏಳುವಂತಿಲ್ಲ. ಅವನು ಒಬ್ಬನೇ ಓಡಾಡುತ್ತಿದ್ದಾನೆ ಎಂದು ನಾನು ತಿಳಿದಿದ್ದೆ.

ಛಾಯಾಗ್ರಾಹಕರಲ್ಲಿ ಒಂದು ರೂಢಿ ಉಂಟು. ಒಬ್ಬನಿಗೆ ಕಾರ್ಯಕ್ರಮಕ್ಕೆ ತಡವಾದರೆ ಇನ್ನೊಬ್ಬ ತನ್ನ ಒಂದು ಚಿತ್ರ ಕೊಡುತ್ತಾನೆ. ಮರುದಿನ ಎರಡು ಪತ್ರಿಕೆಗಳಲ್ಲಿ ಒಂದೇ ಕ್ಯಾಮೆರಾದ ಎರಡು ಚಿತ್ರಗಳು, ಕೆಳಗೆ ಬೇರೆ ಬೇರೆ ಹೆಸರು. ಡೆಸ್ಕಿಗೆ ಇದು ಗೊತ್ತಿರುತ್ತದೆ, ಕೇಳುವುದಿಲ್ಲ. ಅವನೂ ಪ್ರತಿಸ್ಪರ್ಧಿ ಪತ್ರಿಕೆಯ ಆ ಛಾಯಾಗ್ರಾಹಕರೂ ಹೀಗೆ ಕೊಟ್ಟು ತೆಗೆದುಕೊಳ್ಳುವವರು ಎಂದಷ್ಟೇ ನನಗೆ ಗೊತ್ತಿತ್ತು. ಅವರು ವಾರಕ್ಕೊಮ್ಮೆ ಅವನ ಮನೆಯಲ್ಲಿ ಊಟ ಮಾಡುತ್ತಿದ್ದರೆಂದು ತಿಳಿದದ್ದು ಅವನು ಆಸ್ಪತ್ರೆ ಸೇರಿದ ಮೇಲೆ.

ಅವನಿಗೆ ಪ್ಲೇಟ್‌ಲೆಟ್ ಬೇಕಾದ ದಿನ ಅವನ ಹೆಂಡತಿ ಫೋನ್ ಮಾಡಿದ್ದು ಅವರಿಗೆ. ನನ್ನ ರಕ್ತದ ಗುಂಪೂ ಅವನದೂ ಒಂದೇ. ಸುದ್ದಿ ನನಗೆ ಸಿಕ್ಕಿದ್ದು ಮರುದಿನ, ಕಚೇರಿಯ ಬೆಳಗಿನ ಸಭೆಯಲ್ಲಿ, ಉಳಿದವರ ಜೊತೆ. ಆಸ್ಪತ್ರೆಗೆ ಹೋದಾಗ ಅವನ ಹೆಂಡತಿಯನ್ನು ಕೇಳಿದೆ, "ನನಗೊಂದು ಕಾಲ್ ಮಾಡಬಹುದಿತ್ತಲ್ಲ?"

ಅವರು ನರ್ಸ್. ಎಂಥ ಹೊತ್ತಿನಲ್ಲೂ ನೇರ ಮಾತು. "ಇವರೇ ಬೇಡ ಹೇಳಿದ್ರು. ಅವನಿಗೆ ಪೇಜ್ ಬಿಡುವ ಟೈಮ್, ತೊಂದರೆ ಕೊಡ್ಬೇಡ ಅಂತ."

ನಾಲ್ಕನೆಯ ದಿನ ಅವನು ತೀರಿಕೊಂಡ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದು ಪುಟ ಬಿಡುವ ಸಮಯವೇ.

ಸವಾರಿಯ ಯೋಚನೆ ಆ ಛಾಯಾಗ್ರಾಹಕರದು. ಅಕ್ಟೋಬರಿನಲ್ಲಿ ಅವನ ಮನೆಯಲ್ಲಿ ನಾವು ನಾಲ್ಕೈದು ಮಂದಿ ಸೇರಿದೆವು. ಅವನ ಚಿತ್ರಗಳದೊಂದು ಪುಟ ತರುವ ಎಂದು ನಾನು ಸೂಚಿಸಿದೆ. "ಪೇಪರ್ ಒಂದು ದಿನದ್ದು. ಜನ ಬಂದು ರಕ್ತ ಕೊಟ್ರೆ ಯಾರಿಗಾದ್ರೂ ಆಗ್ತದೆ" ಎಂದು ಅವರು ಹೇಳಿದರು. ಎಲ್ಲರೂ ಒಪ್ಪಿದರು. ಅವನ ಹೆಂಡತಿ ಒಳಗೆ ಹೋಗಿ ಬೈಕಿನ ಕೀ ತಂದು ಅವರ ಕೈಗೆ ಕೊಟ್ಟರು. "ಬ್ಯಾಟರಿ ಇಳಿದಿರ್ಬೇಕು. ನೀವೇ ಓಡಿಸಿ." ನನಗೆ ಓಡಿಸಲು ಬರುವುದಿಲ್ಲವೆಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೂ ಕೀ ಮೊದಲು ನನ್ನ ಕಡೆ ಬರಬೇಕಿತ್ತು, ನಾನು ಬೇಡ ಎನ್ನಬೇಕಿತ್ತು ಎಂದು ನನಗೆ ಅನಿಸಿತು.

ಸವಾರಿಯ ದಿನ ಉರ್ವದಲ್ಲಿ ಚಹಾಕ್ಕೆ ನಿಂತೆವು. ಅವರು ಬೈಕಿಗೆ ಒರಗಿ ಹುಡುಗರಿಗೆ ಕತೆ ಹೇಳುತ್ತಿದ್ದರು. ಒಂದು ಮಳೆಗಾಲದಲ್ಲಿ ಕೂಳೂರು ಸೇತುವೆಯ ಹತ್ತಿರ ಆ ಬೈಕು ಹೊಂಡಕ್ಕೆ ಬಿದ್ದದ್ದು, ಸೊಂಟದವರೆಗೆ ನೀರಿದ್ದರೂ ಅವನು ಕ್ಯಾಮೆರಾ ತಲೆಯ ಮೇಲೆ ಹಿಡಿದು ನಿಂತದ್ದು. ಅದು ನನ್ನ ಕತೆ. ಆ ದಿನ ಬೈಕಿನ ಮೇಲಿದ್ದದ್ದು ನಾವಿಬ್ಬರೇ.

"ಹಿಂದೆ ಯಾರಿದ್ದದ್ದು?" ಎಂದು ಒಬ್ಬ ಕೇಳಿದ.

"ಇವರೇ, ಇಲ್ಲಿದ್ದಾರಲ್ಲ. ಇವರ ಒಂದು ಚಪ್ಪಲಿ ನೀರಲ್ಲಿ ಹೋಯ್ತು. ಒಂಟಿ ಚಪ್ಪಲಿಯಲ್ಲಿ ಡಿಸಿಯ ಪ್ರೆಸ್‌ಮೀಟಿಗೆ ಹೋದ್ರು ಮಾರಾಯ್ರೆ. ಡಿಸಿ ಪ್ರಶ್ನೆ ಕೇಳುದು ಬಿಟ್ಟು ಕಾಲು ನೋಡುದು."

ಎಲ್ಲರೂ ನಕ್ಕರು. "ಚಪ್ಪಲಿ ಅಲ್ಲ, ಶೂ" ಎಂದೆ. "ಪ್ರಶ್ನೆ ಕೇಳುವುದು ಡಿಸಿ ಅಲ್ಲ, ನಾವು."

"ಆಯ್ತು, ಶೂ. ಡೆಸ್ಕಿನವರು ತಿದ್ದದೆ ಬಿಡುದುಂಟಾ?" ಎಂದರು. ಮತ್ತೆ ನಗು. ನಾನು ಚಹಾ ಅರ್ಧಕ್ಕೆ ಬಿಟ್ಟೆ. ನಮ್ಮಿಬ್ಬರದೇ ಎಂದುಕೊಂಡದ್ದನ್ನು ಅವನು ಮೂರನೆಯವರಿಗೆ ಹೇಳಿದ್ದ, ಅದೂ ಅಷ್ಟು ವಿವರವಾಗಿ.

ಶಿಬಿರದಲ್ಲಿ ನನ್ನ ರಕ್ತ ತೆಗೆದುಕೊಳ್ಳಲಿಲ್ಲ. ತಪಾಸಣೆ ಮಾಡಿದವರು "ಪ್ರೆಶರ್ ಜಾಸ್ತಿ ಉಂಟು ಸರ್, ಇವತ್ತು ಬೇಡ" ಎಂದರು. ಪಕ್ಕದ ಮಂಚದಲ್ಲಿ ಆ ಛಾಯಾಗ್ರಾಹಕರು ರಬ್ಬರ್ ಚೆಂಡು ಒತ್ತುತ್ತ ಮಲಗಿದ್ದರು.

ಸಂಜೆ ನಾಲ್ಕಕ್ಕೆ ವರದಿ ನನ್ನ ಕಂಪ್ಯೂಟರಿಗೆ ಬಂತು. ಸವಾರಿಯನ್ನು ಸಂಘಟಿಸಿದವರು, ಮುನ್ನಡೆಸಿದವರು ಎಂದು ಅವರ ಹೆಸರನ್ನು ವರದಿಗಾರ್ತಿ ಎರಡು ಕಡೆ ಬರೆದಿದ್ದಳು. ಬೇರೆ ಪತ್ರಿಕೆಯವರ ಹೆಸರು ಹಾಕುವುದಿಲ್ಲ ಎಂಬುದು ನಮ್ಮಲ್ಲಿ ಹಳೆಯ ಕ್ರಮ. ಸಾವಿನ, ಸಂತಾಪದ ಸುದ್ದಿಗಳಲ್ಲಿ ಅದನ್ನು ಯಾರೂ ಪಾಲಿಸುವುದಿಲ್ಲ. ನಾನೂ ಹಿಂದೆ ಪಾಲಿಸಿದ್ದಿಲ್ಲ. ಆ ದಿನ ಪಾಲಿಸಿದೆ. ಎರಡೂ ಕಡೆ ಹೆಸರು ತೆಗೆದು, ಕೊನೆಯ ಸಾಲಿನಲ್ಲಿ ‘ಮತ್ತಿತರರು ಭಾಗವಹಿಸಿದ್ದರು’ ಎಂದು ಸೇರಿಸಿದೆ.

ಚಿತ್ರಗಳು ಐದು ಬಂದಿದ್ದವು. ನಾಲ್ಕರಲ್ಲಿ ಮುಂದೆ ಅವರಿದ್ದರು. ಐದನೆಯದು ಕೂಳೂರು ಸೇತುವೆಯಲ್ಲಿ ಹಿಂದಿನಿಂದ ತೆಗೆದದ್ದು. ಬೆನ್ನುಗಳು, ಹೆಲ್ಮೆಟ್‌ಗಳು, ಎಡಗಡೆ ನದಿ. ಅದನ್ನು ಪುಟಕ್ಕೆ ಹಾಕಿದೆ. ಸುದ್ದಿ ಸಂಪಾದಕರು ಹಿಂದೆ ಬಂದು ನಿಂತು, "ಮುಂದಿನಿಂದ ತೆಗೆದದ್ದು ಇಲ್ವಾ?" ಎಂದು ಕೇಳಿದರು.

"ಬ್ಲರ್ ಉಂಟು" ಎಂದೆ. ನಾಲ್ಕೂ ಸ್ಪಷ್ಟವಾಗಿದ್ದವು.

ಮರುದಿನ ಹನ್ನೊಂದು ಗಂಟೆಗೆ ಅವನ ಹೆಂಡತಿಯ ಫೋನ್ ಬಂತು. ಹೆಸರಿನ ವಿಷಯವೇ ಇರಬೇಕೆಂದು ನಾನು ಉತ್ತರ ಸಿದ್ಧಮಾಡಿಕೊಂಡೆ.

"ಫೋಟೋದಲ್ಲಿ ಇವರ ಬೈಕ್ ಎಲ್ಲಿ ಉಂಟು?" ಎಂದು ಕೇಳಿದರು. "ಮಗಳು ಪಪ್ಪನ ಬೈಕ್ ಹುಡುಕ್ತಾ ಇದ್ದಾಳೆ. ಭೂತಗನ್ನಡಿ ತಂದು ನೋಡಿದ್ಳು. ನನಗೂ ಸಿಗುದಿಲ್ಲ."

ನಾನು ಪತ್ರಿಕೆ ಬಿಡಿಸಿದೆ. ಇರಲಿಲ್ಲ. ಆ ಛಾಯಾಗ್ರಾಹಕರನ್ನು ಬಿಟ್ಟ ಚಿತ್ರ ಹುಡುಕುವಾಗ ಬೈಕು ಅವರ ಜೊತೆಗೇ ಹೋಗಿತ್ತು. ಅದು ನನ್ನ ಗಮನಕ್ಕೆ ಬಂದದ್ದು ಆಗಲೇ.

"ಅದು ಸ್ವಲ್ಪ ಮುಂದೆ ಹೋಗಿತ್ತು" ಎಂದೆ.

"ಹೌದು, ಮುಂದೆಯೇ ಇತ್ತಲ್ಲ" ಎಂದರು. "ಇರ್ಲಿ. ಅವರ ಪೇಪರಲ್ಲಿ ಬೈಕ್ ದೊಡ್ಡದಾಗಿ ಬಂದಿದೆ. ಅದನ್ನೇ ಕಟ್ ಮಾಡಿ ಫ್ರೇಮಿಗೆ ಕೊಡ್ತೇವೆ. ನಿಮ್ಮ ಪೇಪರಿಂದು ಇಡುವ ಅಂತ ಇತ್ತು. ಇವರು ಕೆಲಸ ಮಾಡಿದ್ದು ಅಲ್ಲಿ ಅಲ್ವಾ."

ಉಳಿದ ನಾಲ್ಕು ಚಿತ್ರಗಳನ್ನು ಆಗಲೇ ಅವರ ಫೋನಿಗೆ ಕಳುಹಿಸಿದೆ. "ಇದು ಚೆನ್ನಾಗಿ ಉಂಟಲ್ಲ, ಇದನ್ನು ಯಾಕೆ ಹಾಕ್ಲಿಲ್ಲ?" ಎಂದು ಬರೆದರು.

ಡಿಸೆಂಬರಿನಲ್ಲಿ ಒಂದು ಮದುವೆಯಲ್ಲಿ ಆ ಛಾಯಾಗ್ರಾಹಕರು ನನ್ನ ಪಕ್ಕದಲ್ಲೇ ಊಟಕ್ಕೆ ಕುಳಿತರು. ನಿಮ್ಮ ಹೆಸರು ತೆಗೆದದ್ದು ನಾನೇ ಎಂದು ಹೇಳಿದೆ. ಚಿತ್ರದ ವಿಷಯ ಹೇಳಲು ಆಗಲಿಲ್ಲ.

"ಗೊತ್ತುಂಟು ಮಾರಾಯ್ರೆ" ಎಂದರು, ಎಲೆಯಿಂದ ತಲೆ ಎತ್ತದೆ. "ಅವ ಯಾವಾಗ್ಲೂ ನಿಮ್ಮ ಸುದ್ದಿಯೇ ಹೇಳುದು. ಕೇಳಿ ಕೇಳಿ ನನಗೆ ಹೊಟ್ಟೆ ಉರೀತಿತ್ತು."

ಈ ವರ್ಷದ ಸವಾರಿಯ ಪ್ರಕಟಣೆ ಕಳೆದ ಸೋಮವಾರ ಬಂತು. ನನ್ನ ಫೋನಿಗಲ್ಲ, ಕಚೇರಿಯ ಸಾಮಾನ್ಯ ಇಮೇಲಿಗೆ. ಸಂಘಟಕರಾದ ಆ ಛಾಯಾಗ್ರಾಹಕರ ಹೆಸರಿನೊಂದಿಗೆ ಬುಧವಾರ ಮೂರನೆಯ ಪುಟದಲ್ಲಿ ಪ್ರಕಟವಾಯಿತು. ಗುರುವಾರ ನಾನು ಹೆಸರು ನೋಂದಾಯಿಸಿದೆ. ಸವಾರರು ಹೊರಡುವ ಕ್ರಮದ ಪಟ್ಟಿ ನಿನ್ನೆ ಸಂಜೆ ಬಂದಿದೆ. ಕಳೆದ ಸಲ ಏಳೆಂಟು ಗಾಡಿಗಳ ಹಿಂದಿದ್ದ ನನ್ನದು ಈ ಸಲ ಇಪ್ಪತ್ತೊಂಬತ್ತನೆಯ ಹೆಸರು.